ಡಿಗ್ರಿ ಅಗ್ಗ, ವರ್ಷಗಳು ದುಬಾರಿ: ಕಮ್ಯುನಿಟಿ ಕಾಲೇಜಿನಲ್ಲಿ ಕ್ರಿಮಿನಲ್ ಜಸ್ಟಿಸ್ ಓದಿಸಬಹುದೇ?

ಪ್ರಶ್ನೆ: ನಾವು ಹಾಸನದ ಕಡೆಯವರು, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನೆಲೆಸಿ ಬಹಳ ವರ್ಷವಾಯಿತು. ಮಗ ಇಲ್ಲೇ ಹುಟ್ಟಿದವನು, 2026ರ ಜೂನ್‌ಗೆ ಹೈಸ್ಕೂಲ್ ಮುಗಿಸುತ್ತಾನೆ. ಪೊಲೀಸ್ ಆಗುತ್ತೇನೆ, ಅದಕ್ಕೆ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಕ್ರಿಮಿನಲ್ ಜಸ್ಟಿಸ್ ಡಿಗ್ರಿ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ನಮ್ಮ ಯಜಮಾನರು ಸಾಫ್ಟ್‌ವೇರ್‌ನಲ್ಲಿದ್ದಾರೆ, ‘ಅದೂ ಒಂದು ಓದೇ?’ ಎಂದು ಮುಖ ತಿರುಗಿಸಿದ್ದಾರೆ. ಹಾಕುವ ದುಡ್ಡಿಗೆ ತಕ್ಕ ಫಲ ಇದೆಯೇ? ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗನೂ ಸ್ಟೂಡೆಂಟ್ ವೀಸಾದಲ್ಲಿ ಬಂದು ಇದೇ ಕೋರ್ಸ್ ಸೇರುತ್ತೇನೆ ಅನ್ನುತ್ತಿದ್ದಾನೆ. ಅವನಿಗೇನು ಹೇಳಲಿ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ, ಏಕೆಂದರೆ ನಿಮ್ಮ ಸಮಸ್ಯೆ ಇರುವುದು ಅಲ್ಲಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ, ಅಂದರೆ ಎರಡು ವರ್ಷದ ಸಾರ್ವಜನಿಕ ಕಾಲೇಜುಗಳಲ್ಲಿ, ರಾಜ್ಯದ ನಿವಾಸಿಗಳಿಗೆ ಫೀಸು ಯೂನಿಟ್‌ಗೆ (ಓದಿನ ಹೊರೆ ಅಳೆಯುವ ಲೆಕ್ಕ) 46 ಡಾಲರ್. 2012ರಿಂದ ಅದು ಏರಿಲ್ಲ. ಎರಡು ವರ್ಷದ ಈ ಡಿಗ್ರಿಗೆ ಅಸೋಸಿಯೇಟ್ ಡಿಗ್ರಿ ಎನ್ನುತ್ತಾರೆ; ಅದಕ್ಕೆ 60 ಯೂನಿಟ್, ಅಂದರೆ ಒಟ್ಟು 2,760 ಡಾಲರ್. ಡಿ ಆಂಜಾ, ಫುಟ್‌ಹಿಲ್‌ನಂಥ ವರ್ಷವನ್ನು ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಾಗಿ ಭಾಗಿಸುವ ಕ್ವಾರ್ಟರ್ ಪದ್ಧತಿಯ ಕಾಲೇಜುಗಳಲ್ಲಿ ಯೂನಿಟ್‌ಗೆ 31ರಂತೆ 90 ಯೂನಿಟ್, ಅಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೊದಲ ಬಾರಿಗೆ ಕಾಲೇಜು ಸೇರಿ ಪೂರ್ಣಾವಧಿ ಓದುವವರಿಗೆ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಯೋಜನೆಯಲ್ಲಿ ಅನೇಕ ಕಾಲೇಜುಗಳು ಎರಡು ವರ್ಷದ ಫೀಸನ್ನೂ ಮನ್ನಾ ಮಾಡುತ್ತವೆ. ಪುಸ್ತಕ, ಆರೋಗ್ಯ ಶುಲ್ಕ, ಪಾರ್ಕಿಂಗ್, ಪೆಟ್ರೋಲು ಸೇರಿಸಿಕೊಳ್ಳಿ. ಮನೆಯಲ್ಲೇ ಊಟ, ಮನೆಯಲ್ಲೇ ಮಲಗುವುದು. ಸಾಫ್ಟ್‌ವೇರ್ ಸಂಬಳದ ಮನೆಗೆ ಇದು ಬೇಸಿಗೆಯಲ್ಲಿ ಒಮ್ಮೆ ಊರಿಗೆ ಹೋಗಿ ಬರುವ ಖರ್ಚಿಗಿಂತ ಕಡಿಮೆ.

ಹಾಗಾದರೆ ಅಳೆಯಬೇಕಾದ್ದು ಏನನ್ನು? ಮಗನ ಎರಡು ವರ್ಷಗಳನ್ನು. ಆ ಎರಡು ವರ್ಷದಲ್ಲಿ ಅವನು ಯಾವ ವಿಷಯ ಓದಿದ, ಅದು ಮುಂದೆ ಎಷ್ಟು ಬಾಗಿಲು ತೆರೆಯುತ್ತದೆ, ಪೊಲೀಸ್ ಬಾಗಿಲು ಮುಚ್ಚಿಕೊಂಡರೆ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು.

ಹೈಸ್ಕೂಲ್ ಹುಡುಗರಿಗೆ ಸಾಮಾನ್ಯವಾಗಿ ಯಾರೂ ಹೇಳದ ಸಂಗತಿ ಒಂದಿದೆ: ಪೊಲೀಸ್ ಆಗಲು ಕ್ರಿಮಿನಲ್ ಜಸ್ಟಿಸ್ ಓದಿರಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಕೇಳುವುದು ಹೈಸ್ಕೂಲ್ ಪಾಸು ಅಥವಾ ಅದಕ್ಕೆ ಸಮನಾದದ್ದು. ಕೆಲವು ಇಲಾಖೆಗಳು ಇಂತಿಷ್ಟು ಕಾಲೇಜು ಯೂನಿಟ್ ಬೇಕು ಅನ್ನಬಹುದು, ಆದರೆ ಯಾವ ವಿಷಯದಲ್ಲಿ ಎಂದು ಕೇಳುವುದು ಅಪರೂಪ. ಪ್ರವೇಶಕ್ಕೆ ಬರೆಸುವ ‘ಪೆಲೆಟ್-ಬಿ’ ಪರೀಕ್ಷೆ ಇಂಗ್ಲಿಷ್ ಓದು, ಬರಹ, ತರ್ಕವನ್ನು ಅಳೆಯುತ್ತದೆ, ದಂಡಸಂಹಿತೆಯನ್ನಲ್ಲ. ಕಾನೂನು, ಬಂಧನದ ವಿಧಾನ, ಸಾಕ್ಷ್ಯ ಸಂಗ್ರಹ, ವರದಿ ಬರೆಯುವುದು, ಬಂದೂಕು, ವಾಹನ ಚಾಲನೆ ಎಲ್ಲವನ್ನೂ ಪೊಲೀಸ್ ತರಬೇತಿ ಶಾಲೆಯಾದ ಅಕಾಡೆಮಿಯಲ್ಲಿ ಮೊದಲಿನಿಂದಲೇ ಕಲಿಸುತ್ತಾರೆ. ಅದಕ್ಕೆ ರಾಜ್ಯ ನಿಗದಿಪಡಿಸಿದ ಕನಿಷ್ಠ ಅವಧಿಯೇ 664 ಗಂಟೆ, ನಿಜದಲ್ಲಿ ಬಹಳಷ್ಟು ಅಕಾಡೆಮಿಗಳು ಅದಕ್ಕಿಂತ ಹೆಚ್ಚು ನಡೆಸುತ್ತವೆ. ಎರಡು ವರ್ಷ ಅಪರಾಧ ಕಾನೂನು ಓದಿ ಬಂದವನೂ, ಅಕೌಂಟಿಂಗ್ ಓದಿ ಬಂದವನೂ ಒಂದೇ ಬೆಂಚಿನಲ್ಲಿ ಕೂತು ಅದನ್ನೇ ಕಲಿಯಬೇಕು.

ಡಿಗ್ರಿ ಬೇಕು ಎಂದು ಕೇಳುತ್ತಿದ್ದ ಕಡೆಗಳಲ್ಲೂ ಈಗ ಗಾಳಿ ತಿರುಗಿದೆ. ಜನ ಸಿಗುತ್ತಿಲ್ಲವಲ್ಲ! ಪೆನ್ಸಿಲ್ವೇನಿಯಾ ರಾಜ್ಯ ಪೊಲೀಸ್ 60 ಕ್ರೆಡಿಟ್ (ಯೂನಿಟ್‌ಗೆ ಇನ್ನೊಂದು ಹೆಸರು) ಬೇಕೆಂಬ ನಿಯಮವನ್ನು 2023ರಲ್ಲಿ ಕೈಬಿಟ್ಟಿತು. ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆ 2025ರ ಫೆಬ್ರವರಿಯಲ್ಲಿ 60 ಕ್ರೆಡಿಟ್‌ನ ಷರತ್ತನ್ನು 24ಕ್ಕೆ ಇಳಿಸಿತು.

ಅಂದಮೇಲೆ ಈ ಕೋರ್ಸ್ ಹುಟ್ಟಿದ್ದಾದರೂ ಏಕೆ? ಇದರ ಮೂಲ ನಿಮ್ಮ ಊರಿನ ಸುತ್ತಮುತ್ತಲೇ ಇದೆ. ಬರ್ಕ್‌ಲಿಯ ಪೊಲೀಸ್ ಮುಖ್ಯಸ್ಥರಾಗಿದ್ದ ಆಗಸ್ಟ್ ವೋಲ್ಮರ್ ಕಳೆದ ಶತಮಾನದ ಆರಂಭದಲ್ಲೇ ಪೊಲೀಸರನ್ನು ಕಾಲೇಜಿಗೆ ಕಳುಹಿಸಬೇಕು ಎಂದು ಹಟ ತೊಟ್ಟವರು. ಸ್ಯಾನ್ ಹೋಸೆಯ ಕಾಲೇಜಿನಲ್ಲಿ 1930ರಲ್ಲಿ ಪೊಲೀಸ್ ಶಿಕ್ಷಣದ ಕೋರ್ಸ್ ಶುರುವಾಯಿತು. ದೊಡ್ಡ ಪ್ರವಾಹ ಬಂದದ್ದು ಆಮೇಲೆ. 1967ರಲ್ಲಿ ಅಧ್ಯಕ್ಷರು ನೇಮಿಸಿದ ಆಯೋಗವೊಂದು, ಮುಂದೊಂದು ದಿನ ಎಲ್ಲ ಪೊಲೀಸರೂ ನಾಲ್ಕು ವರ್ಷದ ಡಿಗ್ರಿ ಪಡೆದವರಾಗಿರಬೇಕು ಎಂದು ಶಿಫಾರಸು ಮಾಡಿತು. 1968ರ ಕಾನೂನಿನಡಿ ಫೆಡರಲ್ ಸರ್ಕಾರ ಪೊಲೀಸರ ಓದಿಗೆ ಸಾಲ, ಸಹಾಯಧನ ಸುರಿಯಿತು. ಹಣ ಬರುತ್ತದೆ ಅಂದಮೇಲೆ ಕಾಲೇಜುಗಳು ಸುಮ್ಮನಿರುತ್ತವೆಯೇ? ದೇಶದ ತುಂಬ ಕೋರ್ಸ್‌ಗಳು ಎದ್ದವು. ಇಲ್ಲೊಂದು ಸೂಕ್ಷ್ಮ ಗಮನಿಸಿ. ಆಗ ಆ ತರಗತಿಗಳಲ್ಲಿ ಕೂತವರಲ್ಲಿ ದೊಡ್ಡ ಪಾಲು ಈಗಾಗಲೇ ಸಮವಸ್ತ್ರ ತೊಟ್ಟವರು. ಹಗಲು ಪಾಳಿ ಮುಗಿಸಿ ಸಂಜೆ ಪಾಠಕ್ಕೆ ಬರುತ್ತಿದ್ದರು. ಡಿಗ್ರಿ ಅವರಿಗೆ ಬಡ್ತಿಯ ಮೆಟ್ಟಿಲು. ಇವತ್ತು ಅದೇ ಕೋರ್ಸನ್ನು ಕೆಲಸ ಇನ್ನೂ ಸಿಗದ ಹದಿನೆಂಟರ ಹುಡುಗರು ಕೆಲಸ ಕೊಡಿಸುವ ಟಿಕೆಟ್ ಅಂದುಕೊಂಡು ಓದುತ್ತಿದ್ದಾರೆ. ಲೆಕ್ಕ ತಪ್ಪುವುದು ಅಲ್ಲೇ.

ಹಾಗೆಂದು ಡಿಗ್ರಿಗೆ ಬೆಲೆಯೇ ಇಲ್ಲ ಎಂದು ನಿಮ್ಮ ಯಜಮಾನರು ಗೆದ್ದಂತೆ ನಗಬೇಕಾಗಿಲ್ಲ. ಬೆಲೆ ಇದೆ, ಅದು ಸೇರಿದ ಮೇಲೆ ಸಿಗುವ ಬೆಲೆ. ಪೊಲೀಸರ ಅರ್ಹತೆ ಮತ್ತು ತರಬೇತಿ ನೋಡಿಕೊಳ್ಳುವ ‘ಪೋಸ್ಟ್’ ಎಂಬ ರಾಜ್ಯ ಆಯೋಗ ಕೆಲಸದಲ್ಲಿರುವವರಿಗೆ ಬೇಸಿಕ್, ಇಂಟರ್‌ಮೀಡಿಯೇಟ್, ಅಡ್ವಾನ್ಸ್ಡ್ ಎಂದು ಸರ್ಟಿಫಿಕೇಟ್ ಕೊಡುತ್ತದೆ. ಇಂಟರ್‌ಮೀಡಿಯೇಟ್ ಪಡೆಯಲು ಅಸೋಸಿಯೇಟ್ ಡಿಗ್ರಿ ಇದ್ದವರಿಗೆ 4 ವರ್ಷದ ಸೇವೆ ಸಾಕು, ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿ ಇದ್ದವರಿಗೆ 2 ವರ್ಷ. ಅಡ್ವಾನ್ಸ್ಡ್‌ಗೆ ಅಸೋಸಿಯೇಟ್ ಇದ್ದರೆ 9 ವರ್ಷ, ಬ್ಯಾಚುಲರ್ ಇದ್ದರೆ 6 ವರ್ಷ. ಡಿಗ್ರಿ ಇಲ್ಲದವರು ತರಬೇತಿ ಅಂಕಗಳನ್ನು ಕೂಡಿಸುತ್ತ ಸಾಮಾನ್ಯವಾಗಿ ಇನ್ನಷ್ಟು ಕಾಯಬೇಕು. ಬಹಳಷ್ಟು ನಗರಗಳ ಸಂಬಳ ಒಪ್ಪಂದದಲ್ಲಿ ಈ ಸರ್ಟಿಫಿಕೇಟ್‌ಗಳಿಗೆ ಮೂಲ ಸಂಬಳದ ಮೇಲೆ ಶೇಕಡಾವಾರು ಹೆಚ್ಚುವರಿ ಇರುತ್ತದೆ. ಮೂಲ ಸಂಬಳ 1 ಲಕ್ಷ ಡಾಲರ್, ಹೆಚ್ಚುವರಿ ಶೇ. 5 ಎಂದುಕೊಳ್ಳಿ. ವರ್ಷಕ್ಕೆ 5,000 ಡಾಲರ್ ಆಯಿತು. ಎರಡು ವರ್ಷದ ಪೂರ್ತಿ ಫೀಸು ಏಳು ತಿಂಗಳೊಳಗೆ ವಾಪಸು. ಇಷ್ಟು ಬೇಗ ಅಸಲು ಹಿಂತಿರುಗುವ ಓದು ಬೇರೆ ಕಡೆ ಸಿಗುವುದು ಕಷ್ಟ.

ಆದರೆ ಪೋಸ್ಟ್‌ಗೂ ಡಿಗ್ರಿ ಯಾವ ವಿಷಯದ್ದು ಎಂಬುದು ಮುಖ್ಯವಲ್ಲ. ಮಾನ್ಯತೆ ಪಡೆದ ಕಾಲೇಜಿನದ್ದಾದರೆ ಸಾಕು. ಆದ್ದರಿಂದ ನಿಮ್ಮ ಮಗನಿಗೆ ನಾನು ಹೇಳುವುದು: ಪೊಲೀಸ್ ಆಗು, ಕಾಲೇಜಿಗೂ ಹೋಗು, ಆದರೆ ಮೇಜರ್, ಅಂದರೆ ಮುಖ್ಯ ವಿಷಯ, ಬೇರೆ ತೆಗೆದುಕೊಳ್ಳುವುದನ್ನು ಗಂಭೀರವಾಗಿ ಯೋಚಿಸು. ಅಕೌಂಟಿಂಗ್ ಓದಿದವನು ನಾಳೆ ವಂಚನೆ ಪ್ರಕರಣಗಳ ವಿಭಾಗಕ್ಕೆ ಬೇಕಾಗುತ್ತಾನೆ. ಕಂಪ್ಯೂಟರ್ ಓದಿದವನು ಡಿಜಿಟಲ್ ಸಾಕ್ಷ್ಯದ ಕೆಲಸಕ್ಕೆ. ಸ್ಪ್ಯಾನಿಷ್ ಚೆನ್ನಾಗಿ ಬಂದರಂತೂ ನಿಮ್ಮ ಸುತ್ತಿನ ಬೇ ಏರಿಯಾದಲ್ಲಿ ಯಾವ ಇಲಾಖೆಗೂ ಬೇಕು, ಅನೇಕ ಕಡೆ ಎರಡನೇ ಭಾಷೆಗೆ ಪ್ರತ್ಯೇಕ ಭತ್ಯೆಯೂ ಇದೆ. (ಕನ್ನಡಕ್ಕೆ ಭತ್ಯೆ ಕೊಡುವ ಠಾಣೆ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.)

ಇದನ್ನು ಒತ್ತಿ ಹೇಳಲು ಕಾರಣವಿದೆ. ಪೊಲೀಸ್ ಆಯ್ಕೆಯಲ್ಲಿ ಹುಡುಗರು ಬೀಳುವುದು ಓದಿನಲ್ಲಲ್ಲ, ಹಿನ್ನೆಲೆ ತನಿಖೆಯಲ್ಲಿ, ಮನೋವೈದ್ಯಕೀಯ ಪರೀಕ್ಷೆಯಲ್ಲಿ, ಓಟದ ಮೈದಾನದಲ್ಲಿ. ಹಿಂದಿನ ಕೆಲಸಗಳು, ಮನೆ ಬಾಡಿಗೆಯ ಇತಿಹಾಸ, ಕ್ರೆಡಿಟ್ ಕಾರ್ಡ್ ಬಾಕಿ, ವೇಗದ ಚಾಲನೆಗೆ ಬಿದ್ದ ಟಿಕೆಟ್‌ಗಳು, ಸ್ನೇಹಿತರು, ಸೋಷಿಯಲ್ ಮೀಡಿಯಾದಲ್ಲಿ ಬರೆದದ್ದು ಎಲ್ಲವನ್ನೂ ಜಾಲಾಡುತ್ತಾರೆ. ಗಾಂಜಾ 21 ದಾಟಿದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧ, ಫೆಡರಲ್ ಕಾನೂನಿನಲ್ಲಿ ಇನ್ನೂ ನಿಷಿದ್ಧ. ಮುಂದೆ ಎಫ್‌ಬಿಐ ಕನಸು ಇದ್ದರೆ ಗೆಳೆಯರ ಪಾರ್ಟಿಯಲ್ಲೇ ಅದಕ್ಕೆ ಕಲ್ಲು ಬೀಳಬಹುದು. ಕೌಟುಂಬಿಕ ಹಿಂಸೆಯ ಸಣ್ಣ ಪ್ರಕರಣದಲ್ಲಿ ಶಿಕ್ಷೆಯಾದರೂ 1996ರ ಫೆಡರಲ್ ತಿದ್ದುಪಡಿಯ ಪ್ರಕಾರ ಬಂದೂಕು ಮುಟ್ಟುವಂತಿಲ್ಲ, ಅಲ್ಲಿಗೆ ಕಥೆ ಮುಗಿಯಿತು. ಎಲ್ಲ ಸರಿಯಿದ್ದರೂ ಮೊಣಕಾಲಿನ ಒಂದು ಪೆಟ್ಟು ಸಾಕು. ಹೀಗೆ ಬಾಗಿಲು ಮುಚ್ಚಿದ ದಿನ ಕೈಯಲ್ಲಿ ಎರಡು ವರ್ಷದ ಕ್ರಿಮಿನಲ್ ಜಸ್ಟಿಸ್ ಮಾತ್ರ ಇದ್ದರೆ ಅವನಿಗೆ ಸುಲಭವಾಗಿ ಸಿಗುವುದು ಸೆಕ್ಯುರಿಟಿ ಗಾರ್ಡ್ ಕೆಲಸ. ಅದಕ್ಕೆ ಡಿಗ್ರಿಯೇ ಬೇಡ.

ಸಂಬಳದ ಚಿತ್ರ ಹೀಗಿದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಮೇ ತಿಂಗಳ ಲೆಕ್ಕದಲ್ಲಿ ಇಡೀ ದೇಶದ ಪೊಲೀಸ್ ಮತ್ತು ಡಿಟೆಕ್ಟಿವ್‌ಗಳ ನಡುಮಟ್ಟದ ವಾರ್ಷಿಕ ಸಂಬಳ ಸುಮಾರು 77 ಸಾವಿರ ಡಾಲರ್, ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಸರಾಸರಿಯೇ 1 ಲಕ್ಷ ದಾಟುತ್ತದೆ. ಜೈಲು ಅಧಿಕಾರಿಗಳಿಗೆ ಸುಮಾರು 58 ಸಾವಿರ, ಜೈಲಿನ ಬದಲು ನಿಗಾದಲ್ಲಿರುವ ಅಪರಾಧಿಗಳನ್ನು ನೋಡಿಕೊಳ್ಳುವ ಪ್ರೊಬೇಷನ್ ಆಫೀಸರ್‌ಗೆ 64 ಸಾವಿರ, ವಕೀಲರ ಕೈಕೆಳಗಿನ ಪ್ಯಾರಾಲೀಗಲ್‌ಗೆ 61 ಸಾವಿರ, ಸೆಕ್ಯುರಿಟಿ ಗಾರ್ಡ್‌ಗೆ 38 ಸಾವಿರ. ಈ ಪಟ್ಟಿಯಲ್ಲಿ ಪ್ರೊಬೇಷನ್ ಆಫೀಸರ್ ಹುದ್ದೆಗೆ ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ ಬೇಕು. ಪೊಲೀಸ್ ಮತ್ತು ಜೈಲು ಕೆಲಸಕ್ಕೆ ಹೈಸ್ಕೂಲ್ ಸಾಕು. ಪ್ಯಾರಾಲೀಗಲ್‌ಗೆ ಎರಡು ವರ್ಷದ ಡಿಗ್ರಿ ಸಾಕು, ಆದರೆ ಅದು ಪ್ಯಾರಾಲೀಗಲ್ ಡಿಗ್ರಿ. ಸರಿಯಾಗಿ ಎರಡು ವರ್ಷದ ಕ್ರಿಮಿನಲ್ ಜಸ್ಟಿಸ್ ಡಿಗ್ರಿಗೆಂದೇ ಕಾದಿರುವ ಕೆಲಸ ಯಾವುದು ಎಂದು ಹುಡುಕಿದರೆ ಖಾಲಿ ಜಾಗ ಕಾಣುತ್ತದೆ.

ಈಗ ವಯಸ್ಸಿನ ಲೆಕ್ಕ. ನನ್ನ ಸಲಹೆಯ ತಿರುಳು ಇಲ್ಲಿದೆ. 2021ರಲ್ಲಿ ಪಾಸಾದ ಕಾನೂನಿನಿಂದಾಗಿ ಕ್ಯಾಲಿಫೋರ್ನಿಯಾದಲ್ಲಿ 21 ತುಂಬದೆ ಪೊಲೀಸ್ ಅಧಿಕಾರಿಯಾಗಿ ನೇಮಕವಾಗುವಂತಿಲ್ಲ. ನಿಮ್ಮ ಮಗನಿಗೆ ಈಗ 18. ಎರಡು ವರ್ಷದ ಡಿಗ್ರಿ ಮುಗಿಯುವಾಗ 20, ಆಗಲೂ ಸೇರಲಾಗುವುದಿಲ್ಲ. ನಾಲ್ಕು ವರ್ಷದ್ದು ಮುಗಿಯುವಾಗ 22. ಅಂದರೆ ಬ್ಯಾಚುಲರ್ ಮುಗಿಸಲು ಅವನು ಕಳೆದುಕೊಳ್ಳುವ ಸಂಬಳ ನಾಲ್ಕು ವರ್ಷದ್ದಲ್ಲ, ಹೆಚ್ಚೆಂದರೆ ಒಂದು ವರ್ಷದ್ದು. ಅರ್ಜಿಯಿಂದ ನೇಮಕದವರೆಗೆ ಹಲವು ತಿಂಗಳು ಹಿಡಿಯುವುದರಿಂದ, ಕೊನೆಯ ವರ್ಷ ಓದುತ್ತಲೇ ಅರ್ಜಿ ಹಾಕಿದರೆ ಆ ಒಂದು ವರ್ಷವೂ ಕರಗುತ್ತದೆ. ಹಾಗಿರುವಾಗ ಎರಡು ವರ್ಷಕ್ಕೆ ನಿಲ್ಲಿಸಿ ಕಾಯುತ್ತ ಕೂರುವುದಕ್ಕಿಂತ ನಾಲ್ಕು ವರ್ಷ ಮುಗಿಸುವುದು ಲಾಭ. ಎಫ್‌ಬಿಐ ಸ್ಪೆಷಲ್ ಏಜೆಂಟ್ ಆಗಲು ಬ್ಯಾಚುಲರ್ ಡಿಗ್ರಿ ಕಡ್ಡಾಯ, 23 ತುಂಬಿರಬೇಕು. ಆ ದಾರಿಯೂ ತೆರೆದಿರುತ್ತದೆ.

ಅದರ ಖರ್ಚೆಷ್ಟು? ಸ್ಯಾನ್ ಹೋಸೆ ಸ್ಟೇಟ್, ಈಸ್ಟ್ ಬೇ ಸೇರಿದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗಳ ಫೀಸು 2025–26ಕ್ಕೆ ವರ್ಷಕ್ಕೆ 6,450 ಡಾಲರ್. ವರ್ಷಕ್ಕೆ ಶೇ. 6ರಂತೆ ಏರಿಸಲು 2023ರಲ್ಲೇ ತೀರ್ಮಾನವಾಗಿದೆ, ಮಗ 2028ರಲ್ಲಿ ಅಲ್ಲಿ ಕಾಲಿಡುವಾಗ 7,682 ಆಗಿರುತ್ತದೆ. ಕ್ಯಾಂಪಸ್ ಶುಲ್ಕಗಳು ಪ್ರತ್ಯೇಕ. ಮನೆಯಿಂದಲೇ ಓಡಾಡಿದರೆ ನಾಲ್ಕು ವರ್ಷದ ಫೀಸೆಲ್ಲ ಸೇರಿ 20 ಸಾವಿರ ಡಾಲರಿನ ಆಸುಪಾಸು. ಸಾಲ ಮಾಡಬೇಕಾದ ಪ್ರಮೇಯವೇ ಇಲ್ಲ.

ಆದರೆ ಇಲ್ಲೊಂದು ಸೋರುವ ತೂತಿದೆ. ದೇಶದಾದ್ಯಂತ ಕಮ್ಯುನಿಟಿ ಕಾಲೇಜು ಸೇರಿದವರಲ್ಲಿ ನಾಲ್ಕು ವರ್ಷದ ಕಾಲೇಜಿಗೆ ಹೋಗುವವರು ಮೂವರಲ್ಲಿ ಒಬ್ಬರು, ಆರು ವರ್ಷದೊಳಗೆ ಬ್ಯಾಚುಲರ್ ಮುಗಿಸುವವರು ನೂರಕ್ಕೆ ಸುಮಾರು 16. ದಡ್ಡರೆಂದಲ್ಲ. ಕೆಲಸ ಸಿಕ್ಕಿತು, ಒಂದು ಸೆಮಿಸ್ಟರ್ ಬಿಟ್ಟರು, ತೆಗೆದುಕೊಂಡ ಕೋರ್ಸ್ ಅಲ್ಲಿ ನಡೆಯಲಿಲ್ಲ, ಹೀಗೇ ಜಾರಿಹೋಗುತ್ತಾರೆ. ಇದನ್ನು ತಡೆಯಲು ಕ್ಯಾಲಿಫೋರ್ನಿಯಾದಲ್ಲಿ ‘ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್’ ಎಂಬ ಪ್ರತ್ಯೇಕ ಡಿಗ್ರಿ ಇದೆ. ಕಡಿಮೆ ಅಂಕಮಿತಿ ದಾಟಿ ಅದನ್ನು ಮುಗಿಸಿದವರಿಗೆ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಮೂರನೇ ವರ್ಷಕ್ಕೆ ಸೀಟು ಖಾತ್ರಿ. ಇಂಥದ್ದೇ ಕ್ಯಾಂಪಸ್ ಎಂಬ ಖಾತ್ರಿ ಮಾತ್ರ ಇಲ್ಲ. ಒಂದೇ ಕಾಲೇಜಿನಲ್ಲಿ ಸಾದಾ ಅಸೋಸಿಯೇಟ್ ಡಿಗ್ರಿಯೂ ಟ್ರಾನ್ಸ್‌ಫರ್ ಡಿಗ್ರಿಯೂ ಪಕ್ಕಪಕ್ಕದಲ್ಲೇ ಇರುತ್ತವೆ, ಹೆಸರೂ ಒಂದೇ ಥರ. ಈ ರಾಜ್ಯದಲ್ಲಿ ವಿಷಯದ ಹೆಸರು ‘ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್’ ಎಂದಿರುತ್ತದೆ. ಮಗ ಅದನ್ನೇ ಓದುತ್ತೇನೆ ಎಂದು ಪಟ್ಟು ಹಿಡಿದರೆ ಟ್ರಾನ್ಸ್‌ಫರ್ ಡಿಗ್ರಿಗೇ ಸೇರಿಸಿ. ಮೊದಲ ಸೆಮಿಸ್ಟರ್‌ನಲ್ಲಿ ಅದರ ಪ್ರವೇಶ ಕೋರ್ಸ್ ಒಂದನ್ನು, ಜೊತೆಗೆ ಇನ್ನೊಂದು ಮೇಜರಿನ ಕೋರ್ಸ್ ಒಂದನ್ನು ತೆಗೆದುಕೊಳ್ಳಲಿ. ತರಗತಿಯಲ್ಲಿ ಕೂತು ನೋಡಿದ ಮೇಲೆ ಅವನೇ ನಿರ್ಧರಿಸಲಿ. ಪಾಠ ಮಾಡುವವರಲ್ಲಿ ಅನೇಕರು ನಿವೃತ್ತ ಪೊಲೀಸರು, ವಕೀಲರು. ಕೆಲಸದ ಒಳಹೊರಗು ಅವರ ಬಾಯಿಂದ ಕೇಳುವುದಕ್ಕೂ ಬೆಲೆ ಇದೆ, ಅದನ್ನು ನಾನು ತೆಗೆದುಹಾಕುವುದಿಲ್ಲ.

ಇಪ್ಪತ್ತೊಂದು ತುಂಬುವವರೆಗಿನ ವರ್ಷಗಳಲ್ಲಿ ಡಿಗ್ರಿಗಿಂತ ಹೆಚ್ಚು ತೂಕವಿರುವುದು ಇಲಾಖೆಯೊಳಗಿನ ಅನುಭವಕ್ಕೆ. ಕೆಡೆಟ್, ಕಮ್ಯುನಿಟಿ ಸರ್ವಿಸ್ ಆಫೀಸರ್, ದಾಖಲೆ ವಿಭಾಗದ ಗುಮಾಸ್ತ, 911 ಕರೆ ಸ್ವೀಕರಿಸುವ ಡಿಸ್ಪ್ಯಾಚರ್, ಇಂಥ ಕೆಲಸಗಳಲ್ಲಿ ಅನೇಕಕ್ಕೆ 18ಕ್ಕೇ ಸೇರಬಹುದು. ಹೆಚ್ಚಿನ ಕೆಡೆಟ್ ಕೆಲಸಗಳು ಕಾಲೇಜು ಓದುವವರಿಗೆಂದೇ ಇರುವ ಅರೆಕಾಲಿಕ ಕೆಲಸಗಳು. ರಾತ್ರಿ ಪಾಳಿ, ರಜೆಯ ದಿನದ ಕೆಲಸ, ರಕ್ತ, ಕಣ್ಣೀರು ಇವೆಲ್ಲ ತನಗೆ ಒಗ್ಗುತ್ತವೆಯೇ ಎಂದು ಅವನಿಗೂ ಗೊತ್ತಾಗುತ್ತದೆ, ಅವನು ಎಂಥವನು ಎಂದು ಇಲಾಖೆಗೂ. ಆದರೆ ಸ್ವಂತ ದುಡ್ಡು ಕಟ್ಟಿ ಅಕಾಡೆಮಿ ಸೇರುವ ಆತುರ ಬೇಡ. ಇಲಾಖೆ ಆರಿಸಿಕೊಂಡರೆ ಅಕಾಡೆಮಿಯ ದಿನಗಳಿಗೂ ಸಂಬಳ ಕೊಡುತ್ತದೆ. ಅಲ್ಲದೆ ಅಕಾಡೆಮಿ ಮುಗಿಸಿ ಮೂರು ವರ್ಷದೊಳಗೆ ಕೆಲಸ ಸಿಗದಿದ್ದರೆ ಆ ತರಬೇತಿ ಹಳತಾಗುತ್ತದೆ, ಮತ್ತೆ ಅರ್ಹತೆ ಸಾಬೀತು ಮಾಡಬೇಕು.

ಆನ್‌ಲೈನ್‌ನಲ್ಲಿ ದೊಡ್ಡ ಜಾಹೀರಾತು ಕೊಡುವ, ಲಾಭಕ್ಕಾಗಿ ನಡೆಯುವ ಕಾಲೇಜುಗಳ ಬಗ್ಗೆ ಒಂದು ಎಚ್ಚರಿಕೆ. ವೆಸ್ಟ್‌ವುಡ್ ಕಾಲೇಜು ಇಲಿನಾಯ್ಸ್‌ನಲ್ಲಿ ಕ್ರಿಮಿನಲ್ ಜಸ್ಟಿಸ್ ಡಿಗ್ರಿ ಮಾರಿತು. ಅದರ ಮಾನ್ಯತೆ ಅಲ್ಲಿನ ಪ್ರಮುಖ ಪೊಲೀಸ್ ಇಲಾಖೆಗಳಲ್ಲಿ ನಡೆಯುವಂಥದ್ದಲ್ಲ ಎಂಬುದು ವಿದ್ಯಾರ್ಥಿಗಳಿಗೆ ತಿಳಿದದ್ದು ಹತ್ತಾರು ಸಾವಿರ ಡಾಲರ್ ಸಾಲ ಮಾಡಿದ ಮೇಲೆ. ರಾಜ್ಯದ ಅಟಾರ್ನಿ ಜನರಲ್ 2012ರಲ್ಲಿ ಮೊಕದ್ದಮೆ ಹೂಡಿದರು. ಕೊನೆಗೆ 2022ರಲ್ಲಿ ಫೆಡರಲ್ ಶಿಕ್ಷಣ ಇಲಾಖೆ ಆ ಕಾಲೇಜಿನ ಸುಮಾರು 79,000 ಮಂದಿಯ 150 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಬೇಕಾಯಿತು. ಮಿನೆಸೋಟದಲ್ಲೂ ಗ್ಲೋಬ್ ಯೂನಿವರ್ಸಿಟಿ ತನ್ನ ಕ್ರಿಮಿನಲ್ ಜಸ್ಟಿಸ್ ಕೋರ್ಸಿನ ಬಗ್ಗೆ ವಿದ್ಯಾರ್ಥಿಗಳ ದಾರಿ ತಪ್ಪಿಸಿತು ಎಂದು 2016ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಸರ್ಕಾರದ ‘ಕಾಲೇಜ್ ಸ್ಕೋರ್‌ಕಾರ್ಡ್’ ತಾಣದಲ್ಲಿ ಕಾಲೇಜಿನ ಹೆಸರು ಹಾಕಿದರೆ ಆಯಾ ಕೋರ್ಸ್ ಮುಗಿಸಿದವರ ಗಳಿಕೆಯನ್ನೂ ನೋಡಬಹುದು. ಐದು ನಿಮಿಷದ ಕೆಲಸ.

ನಿಮ್ಮ ಯಜಮಾನರಿಗೆ ಪಿಂಚಣಿಯ ಲೆಕ್ಕ ತೋರಿಸಿ, ಅಂಕಿ ಕಂಡರೆ ಅವರು ಮಾತಾಡಬಹುದು. ರಾಜ್ಯದ ಪಿಂಚಣಿ ವ್ಯವಸ್ಥೆಯಲ್ಲಿರುವ ಬಹುತೇಕ ನಗರಗಳಲ್ಲಿ 2013ರ ನಂತರ ಸೇರಿದ ಪೊಲೀಸರಿಗೆ, 57ನೇ ವಯಸ್ಸಿಗೆ ನಿವೃತ್ತರಾದರೆ, ಸೇವೆಯ ಒಂದೊಂದು ವರ್ಷಕ್ಕೂ ಸಂಬಳದ ಶೇ. 2.7ರಂತೆ ಜೀವಮಾನವಿಡೀ ಪಿಂಚಣಿ. 30 ವರ್ಷ ದುಡಿದರೆ ಶೇ. 81. ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಥ ಪಿಂಚಣಿ ಇಲ್ಲ, ಐವತ್ತರ ನಂತರ ಅಲ್ಲಿ ಕೆಲಸ ಉಳಿಸಿಕೊಳ್ಳುವ ಪಾಡು ಅವರಿಗೇ ಗೊತ್ತು. ಅಪಾಯ, ಪಾಳಿ, ಮನಸ್ಸಿನ ಮೇಲಿನ ಭಾರ ಇವು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿವೆ. ಅದರ ಬಗ್ಗೆ ಮನೆಯಲ್ಲಿ ಕೂತು ಮಾತಾಡಬೇಕಾದ್ದು ನೀವು ಮೂವರು.

ದಾವಣಗೆರೆಯ ಹುಡುಗನಿಗೆ ಉತ್ತರ ಸರಳ: ಬರಬೇಡ. ವಿದೇಶಿ ವಿದ್ಯಾರ್ಥಿಗೆ ಅದೇ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್‌ಗೆ ನೂರಾರು ಡಾಲರ್ ಹೆಚ್ಚು, ಮೇಲೆ ಬೇ ಏರಿಯಾದ ಬಾಡಿಗೆ. ಓದು ಮುಗಿದ ಮೇಲೆ ಕೆಲಸಕ್ಕೆ ಸಿಗುವುದು 12 ತಿಂಗಳ ಅವಕಾಶ, ಅಕಾಡೆಮಿ ಮತ್ತು ಠಾಣೆಯ ತರಬೇತಿಗೇ ಅದು ಸರಿಹೋಗುತ್ತದೆ. 2023ರಿಂದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರಿಗೆ ಪೌರತ್ವ ಕಡ್ಡಾಯವಲ್ಲ, ಕೆಲಸ ಮಾಡುವ ಕಾನೂನುಬದ್ಧ ಅನುಮತಿ ಇದ್ದರೆ ಸಾಕು ಎಂಬುದು ನಿಜ. ಆದರೆ ಆ ಅನುಮತಿ ಮುಂದುವರಿಯುವುದು ಹೇಗೆ? ಎಚ್-1ಬಿ ಸಿಗಬೇಕಾದರೆ ಆ ಕೆಲಸಕ್ಕೇ ಡಿಗ್ರಿ ಅಗತ್ಯವಾಗಿರಬೇಕು. ಪೊಲೀಸ್ ಕೆಲಸಕ್ಕೆ ಹೈಸ್ಕೂಲ್ ಸಾಕು ಎಂದಮೇಲೆ ಆ ದಾರಿಯೂ ಬಂದ್. ವಾಪಸು ಹೋದರೆ ಕರ್ನಾಟಕದಲ್ಲಿ ಪಿಎಸ್‌ಐ ಪರೀಕ್ಷೆಗೆ ಪದವಿ ಬೇಕು, ಎರಡು ವರ್ಷದ ಅಸೋಸಿಯೇಟ್ ಅಲ್ಲಿ ಪದವಿಯಾಗುವುದಿಲ್ಲ.

ಅವನಿಗೆ ನಿಜವಾಗಿ ಈ ಕ್ಷೇತ್ರದ ಹುಚ್ಚಿದ್ದರೆ ದಾರಿ ಮನೆಯ ಹತ್ತಿರವೇ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಹಳೆಯ ವಿಭಾಗವಿದೆ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಧಾರವಾಡಕ್ಕೆ ಬಂದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು ಎನ್ನುತ್ತದೆ. ಇದನ್ನು ಪೂರ್ತಿ ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾನೆಯೇ ಎಂದು ಮೊದಲು ಕೇಳಿ. ತೆಗೆದುಕೊಂಡಿದ್ದರೆ ಬಿ.ಎಸ್ಸಿ. ಮಾಡಿ ಅತ್ತ ಹೋಗಲಿ, ಇಲ್ಲದಿದ್ದರೆ ಯಾವುದಾದರೂ ಪದವಿ ಮುಗಿಸಿ ಪಿಎಸ್‌ಐ ಪರೀಕ್ಷೆಗೆ ಕೂರಲಿ.